ಹತ್ತದ ದೀಪ

ಚಿಕ್ಕಂದಿನಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಮೂಗಿಗೆ ಬಡಿಯುತ್ತಿದ್ದ ರಾಳದ ಹೊಗೆಯ ವಾಸನೆಯೇ ನಾನು ಕಲಿಸುವ ಶಾಲೆಯ ಸೋಲ್ಡರಿಂಗ್ ಕೋಣೆಯಲ್ಲೂ ಇದೆ. ಇಲ್ಲಿ ಏಳನೇ ತರಗತಿಯ ಮಕ್ಕಳು ತಮ್ಮ ಸುಳ್ಳುದೀಪವನ್ನು ತಾವೇ ಬೆಸೆದು ಕೊರಳಿಗೆ ಹಾಕಿಕೊಳ್ಳುತ್ತಾರೆ; ಕಲಿಸುವ ನಮಗೂ ಒಂದೊಂದು ಇದೆ. ಸುಳ್ಳು ಹೇಳಿದರೆ ಅದು ಕೆಂಪಗೆ ಹತ್ತುತ್ತದೆ. ಬೇಕೆಂದೇ ಕೆಡಿಸಿಕೊಂಡವರನ್ನು ಶಾಲೆಯಿಂದ ತೆಗೆಯುತ್ತಾರೆ.

ದೀಪದ ಪರೀಕ್ಷೆಗೆಂದು ಸುಳ್ಳು ಹೇಳಿಸಿದಾಗ ನೀಲಗಂಗಾ “ನಾನು ಆನೆ” ಎಂದರೂ ಅವಳ ದೀಪ ಹತ್ತಲಿಲ್ಲ. ಅವಳಷ್ಟು ಚೊಕ್ಕ ಬೆಸುಗೆ ತರಗತಿಯಲ್ಲಿ ಯಾರದೂ ಇಲ್ಲ. ಆದರೂ ಒಂದು ತಂತಿ ಸಡಿಲವಾಗಿತ್ತು. ಬೇಕೆಂದೇ ಸಡಿಲಿಸಿದ್ದಾಳೆ, ಏನೋ ಕದ್ದಿರಬೇಕು ಎಂದು ನನಗೆ ಅನುಮಾನ ಬಂತು.

ಉಳಿದವರು ಊಟಕ್ಕೆ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

“ಇದು ನೀನ ಬೇಕಂತ ಮಾಡಿದ್ದು ಅಲ್ಲೇನವ್ವಾ? ಏನ್ ಮುಚ್ಚಿಡಾಕತ್ತಿ?”

“ಏನಿಲ್ರಿ ಟೀಚರ್.”

ತಂತಿಯನ್ನು ನಾನೇ ಬೆಸೆದು ದೀಪವನ್ನು ಅವಳ ಕೊರಳಿಗೆ ಹಾಕಿದೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ದಿನಾ ಕೇಳುವುದನ್ನೇ ಕೇಳಿದೆ.

“ಊಟಾ ತಂದೀಯಿಲ್ಲೋ?”

“ತಂದೀನ್ರಿ. ಡಬ್ಬಿ ತುಂಬ ಐತ್ರಿ.”

ದೀಪ ಕೆಂಪಗಾಯಿತು. ಅವಳು ಅದನ್ನು ಅಂಗೈಯಲ್ಲಿ ಮುಚ್ಚಿ ತಲೆ ತಗ್ಗಿಸಿದಳು.

ಪರೀಕ್ಷೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ದೀಪ ಸರಿಯಿದೆ’ ಎಂದು ಬರೆದೆ.

“ನನಗಿವತ್ತು ಹಸಿವಿಲ್ಲವ್ವಾ,” ಎಂದೆ. ನನ್ನ ಕೊರಳಲ್ಲೂ ಕೆಂಪು ಹತ್ತಿತು. ಅದನ್ನು ಸೆರಗಿನಿಂದ ಮುಚ್ಚಿ, ನನ್ನ ರೊಟ್ಟಿಯ ಗಂಟನ್ನು ಅವಳ ಕೈಗಿಟ್ಟೆ.