ಗ್ಲೆನ್ ವೇವರ್ಲಿಯ ಸೂಲಗಿತ್ತಿ

"ಆಂಬುಲೆನ್ಸ್ ಬರೋಕೆ ಇಪ್ಪತ್ತು ನಿಮಿಷ ಆಗುತ್ತಂತೆ!" ಜೀವನ್ ಫೋನ್ ಕಿವಿಗಿಟ್ಟುಕೊಂಡೇ ಕೂಗಿದ. ಮಗು ಅಷ್ಟು ಹೊತ್ತು ಕಾಯಲಿಲ್ಲ. ಗ್ಲೆನ್ ವೇವರ್ಲಿ ಎಂಬ ಆ ವಿದೇಶಿ ಬಡಾವಣೆಯ ಬಾಡಿಗೆ ಮನೆಯ ಬೆಡ್‌ರೂಮಿನಲ್ಲಿ, ನೆಲದ ಮೇಲೆಯೇ, ಅವನ ಹೆಂಡತಿ ಸಂಯುಕ್ತಾ ಹೆತ್ತುಬಿಟ್ಟಳು. ಬಾಣಂತನಕ್ಕೆಂದು ದಾವಣಗೆರೆಯಿಂದ ಬಂದು ವಾರವಷ್ಟೇ ಆಗಿದ್ದ ಅವಳ ತಾಯಿ ಚಿನ್ನಮ್ಮ ಮೊಮ್ಮಗಳನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡಳು.

ಮಗು ಅತ್ತಿತು. ಮಾಸೂ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ. ಚಿನ್ನಮ್ಮನ ಅಕ್ಕ ನೀಲಕ್ಕ ಹೋದದ್ದೂ ಹೀಗೆಯೇ, ಚೊಚ್ಚಲ ಹೆರಿಗೆಯಲ್ಲಿ, ಜೀಪು ತರಲು ಹೋದವರು ಹಿಂದಿರುಗುವ ಮೊದಲೇ.

"ಜೀವನ್, ಹಿಂದಿನ ಮನೆಯಿಂದ ಥೋಕೋನ ಕರ್ಕೊಂಡ್ ಬಾ," ಸಂಯುಕ್ತಾಳ ದನಿ ಇಳಿದುಹೋಗಿತ್ತು. "ಅವ್ರು ಮಿಡ್‌ವೈಫ್."

ಗಾಬರಿಯಲ್ಲಿ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಥೋಕೋ ಮಲಾವಿ ದೇಶದ ಸೂಲಗಿತ್ತಿ, ಸ್ಕಾಲರ್‌ಶಿಪ್ಪಿನ ಮೇಲೆ ಎರಡು ವರ್ಷ ಓದಲು ಬಂದವಳು. ಸೊಂಟಕ್ಕೆ ಸುತ್ತಿದ ಹೂಬಟ್ಟೆಯಲ್ಲೇ, ಬರಿಗಾಲಲ್ಲಿ ಓಡಿ ಬಂದಳು. ಕೈ ತೊಳೆದವಳೇ ಮಂಡಿಯೂರಿ, ಸಂಯುಕ್ತಾಳ ಹೊಕ್ಕುಳ ಕೆಳಗೆ ಅಂಗೈ ಊರಿ ಗರ್ಭಕೋಶವನ್ನು ಬಲವಾಗಿ ಉಜ್ಜತೊಡಗಿದಳು. ಸಂಯುಕ್ತಾ ಚೀರಿದಳು. ಥೋಕೋ ಕೈ ತೆಗೆಯಲಿಲ್ಲ. ಚಿನ್ನಮ್ಮನ ಕಡೆ ತಿರುಗಿ ಏನೋ ಗದರಿದಳು.

"ಮಗೂಗೆ ಈಗ್ಲೇ ಹಾಲು ಕುಡಿಸ್ಬೇಕಂತೆ ಅತ್ತೆ," ಎಂದ ಜೀವನ್. "ಅದು ಚೀಪಿದ್ರೆ ರಕ್ತ ನಿಲ್ಲೋಕೆ ಸಹಾಯ ಆಗುತ್ತಂತೆ."

ಮೈ ತೊಳೆಯದ ಕೂಸನ್ನು ಚಿನ್ನಮ್ಮ ಹಾಗೆಯೇ ಮಗಳ ಎದೆಗಿಟ್ಟಳು. ಥೋಕೋಳ ಹಣೆಯ ಬೆವರು ಮೂಗಿನ ತುದಿಯಿಂದ ಹನಿಯುತ್ತಿತ್ತು. ಗೋಡೆಯ ಗಡಿಯಾರ ನೋಡಲು ಚಿನ್ನಮ್ಮನಿಗೆ ಧೈರ್ಯವಾಗಲಿಲ್ಲ. ಆ ಕೈಗಳನ್ನೇ ನೋಡುತ್ತ ಕುಳಿತಳು. ಸೈರನ್ ಕೇಳಿಸುವ ಹೊತ್ತಿಗೆ ರಕ್ತ ಹನಿಯಾಗಿತ್ತು. ಆಂಬುಲೆನ್ಸಿನವನು ಹೊಟ್ಟೆ ಮುಟ್ಟಿ ನೋಡಿ, ಥೋಕೋಳಿಗೆ ತಲೆಬಾಗಿ, ಆಮೇಲೆ ತನ್ನ ಚೀಲ ಬಿಚ್ಚಿದ.

ಹನ್ನೊಂದನೆಯ ದಿನ ಮಗುವಿಗೆ ಹೆಸರಿಟ್ಟರು. ಊಟಕ್ಕೆ ಬಂದ ಥೋಕೋಳಿಗೆ ಚಿನ್ನಮ್ಮ ತನಗೆಂದು ತಂದಿದ್ದ ಇಳಕಲ್ ಸೀರೆ ಕೊಟ್ಟಳು. ಡಿಸೆಂಬರಿನಲ್ಲಿ ತಾನು ಊರಿಗೆ ಹೊರಡುವುದಾಗಿ ಥೋಕೋ ಹೇಳಿದಳು. ಹನ್ನೆರಡು ಹಳ್ಳಿಗಳಿಂದ ಹನ್ನೆರಡು ಹುಡುಗಿಯರನ್ನು ಆರಿಸಿಟ್ಟು ಬಂದಿದ್ದಳಂತೆ. ಅವರಿಗೆಲ್ಲ ಹೆರಿಗೆ ಕೆಲಸ ಕಲಿಸಬೇಕಂತೆ.

"ಇಲ್ಲೇ ಖಾಯಂ ಇರೋಕೆ ಪಿಆರ್‌ಗೆ ಅಪ್ಲೈ ಮಾಡಿ, ನಿಮಗೆ ಬೇಗ ಸಿಗುತ್ತೆ," ಎಂದ ಜೀವನ್.

ಚಿನ್ನಮ್ಮನಿಗೂ ತಡೆಯಲಾಗಲಿಲ್ಲ. "ಇಷ್ಟೆಲ್ಲ ಸೌಕರ್ಯ ಬಿಟ್ಟು ಯಾಕವ್ವಾ ಹೋಗ್ತೀ?"

ಜೀವನ್ ಅದನ್ನು ಇಂಗ್ಲಿಷಿನಲ್ಲಿ ಕೇಳಿದ. ಥೋಕೋ ಸೀರೆಯ ಸೆರಗನ್ನು ಸವರುತ್ತ ಮೆಲ್ಲಗೆ ಉತ್ತರಿಸಿದಳು. ಅವಳು ಅಂದದ್ದನ್ನು ಜೀವನ್ ಅತ್ತೆಗೆ ಕನ್ನಡದಲ್ಲಿ ತಿಳಿಸಿದ.

"ಇಲ್ಲಿ ಇಪ್ಪತ್ತು ನಿಮಿಷ ಒತ್ತಿ ಹಿಡ್ಕೊಂಡ್ರೆ ಸಾಕು, ಯಾರಾದ್ರೂ ಬರ್ತಾರೆ. ಅಲ್ಲಿ ಬರೋರು ಅಂದ್ರೆ ನಾವೇ."