ಯಾರ ಹಂಗೂ ಇಲ್ಲದ ಹುಡುಗ

"ಹೆಸರು?" ತಲೆ ಎತ್ತದೆ ಕೇಳಿದ ವರ್ನನ್ ಡುಡಾಶ್. ಬೆಳಗಿನಿಂದ ಊರಿನ ಲೈಬ್ರರಿಯಲ್ಲಿ ಕೂತು ತನ್ನ ಆತ್ಮಕಥೆಗೆ ಸಹಿ ಹಾಕಿ ಹಾಕಿ ಅವನ ಕೈ ಸೋತಿತ್ತು.

"ಲೋರೆಟಾ. ಮರೆತಿದ್ರೆ ಅಂತ ಹೇಳ್ತಿದೀನಿ."

ವರ್ನನ್ ತಬ್ಬಿಬ್ಬಾದ. ಎಪ್ಪತ್ತೊಂಬತ್ತರ ಅಕ್ಕ, ಚರ್ಚಿಗೆ ಹೋಗುವಾಗ ಹಾಕುವ ನೀಲಿ ಕೋಟು ತೊಟ್ಟು, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಬಂದಿದ್ದಳು. "ನೀನ್ಯಾಕೆ ಸಾಲಲ್ಲಿ ನಿಂತೆ? ಪುಸ್ತಕ ಮನೆಗೇ ಕಳಿಸಿದ್ನಲ್ಲ!"

"ಬಂತು. ಎರಡು ಸಲ ಓದ್ದೆ. ಮೊದಲನೇ ಸಲ ಎಲ್ಲೋ ಪುಟ ಹಾರಿಸಿಬಿಟ್ಟೆ ಅಂದ್ಕೊಂಡೆ."

ಪುಸ್ತಕದಲ್ಲಿ ಹನ್ನೊಂದು ವರ್ಷದ ಅನಾಥ ಹುಡುಗ ಒಬ್ಬನೇ ಹಸಿದು ಮಲಗುತ್ತಾನೆ, ಒಬ್ಬನೇ ಆಲೂಗಡ್ಡೆ ಹೆಚ್ಚಿ ಕರಿಯುತ್ತಾನೆ, ಕೊನೆಗೆ ಅಮೆರಿಕದ ಓಹಾಯೊದಲ್ಲಿ ದೊಡ್ಡ ಚಿಪ್ಸ್ ಕಾರ್ಖಾನೆ ಕಟ್ಟುತ್ತಾನೆ. ನಿಜದಲ್ಲಿ, ಅಮ್ಮ ಸತ್ತ ಮೇಲೆ ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಅವನನ್ನು ಸಾಕಿದವಳು, ಬಾಣಲೆಯ ಮುಂದೆ ನಿಂತು ಮೊದಲ ಚಿಪ್ಸ್ ಕರಿದವಳು ಲೋರೆಟಾ. ಮುನ್ನೂರು ಪುಟಗಳಲ್ಲಿ ಅವಳು ಎಲ್ಲೂ ಇರಲಿಲ್ಲ.

"ಹಸಿದು ಮಲಗಿದ್ನಂತೆ! ನಿನ್ನ ಸೂಪು ಮುಗಿಸಿ ನನ್ನ ಬಟ್ಟಲಿಗೂ ಕೈ ಹಾಕ್ತಿದ್ದೆ ಕಣೋ, ಹೊಟ್ಟೆಬಾಕ."

ವರ್ನನ್ ದನಿ ತಗ್ಗಿಸಿದ. "ಬರೆದಿದ್ದೆ ಲೋರೆಟಾ, ದೇವರಾಣೆ. ಒಂದು ಅಧ್ಯಾಯನೇ ಇತ್ತು. ಆಮೇಲೆ ಓದಿ ನೋಡಿದ್ರೆ, ಅಕ್ಕನ ಕೈಯಡುಗೆ ಉಂಡು ಬೆಳೆದೋನು ಅಂದ್ರೆ ಯಾಕೋ ಗೆದ್ದೋನ ಕಥೆ ಅನ್ನಿಸಲಿಲ್ಲ. ನಾನೇ ಕಿತ್ತು ಹಾಕ್ದೆ. ನಮ್ಮ ದೇಶದಲ್ಲಿ ಇಂಥ ಕಥೆ ಹೇಗಿರುತ್ತೆ ಅಂತ ನಿಂಗೂ ಗೊತ್ತಲ್ಲ."

ಅವಳಿಗೆ ಗೊತ್ತಿಲ್ಲದೆ ಏನು! ಜಗಳ ಆಡಿಯೇ ತೀರುವುದೆಂದು ಬಂದಿದ್ದಳು. ಈಗ ನಗು ಬಂತು, ಅದರ ಬೆನ್ನಿಗೇ ಸಂಕಟವೂ ಆಯಿತು.

"ತಪ್ಪು ನಂದೇ ಬಿಡು," ಎಂದಳು. "ಶನಿವಾರ ಶನಿವಾರ ಇದೇ ಲೈಬ್ರರಿಯಿಂದ ಬಡ ಹುಡುಗರು ಸಾಹುಕಾರರಾಗೋ ಪುಸ್ತಕ ತಂದು ನಿಂಗೆ ಓದಿ ಹೇಳ್ತಿದ್ದೋಳು ನಾನೇ ಅಲ್ವಾ? ಅದರಲ್ಲಿ ಒಬ್ಬ ಹುಡುಗನಿಗೂ ಅಕ್ಕ ಇರಲಿಲ್ಲ."

ವರ್ನನ್ ಅವಳು ತಂದಿದ್ದ ಪುಸ್ತಕವನ್ನು ಹತ್ತಿರ ಎಳೆದುಕೊಂಡ. ಏನೋ ಬರೆದ, ಹೊಡೆದು ಹಾಕಿದ. ಸಾಲು ಹಿಂದಿನಿಂದ ಒತ್ತುತ್ತಿತ್ತು. ಅವಳ ಬೆನ್ನ ಹಿಂದಿದ್ದ ಕೆಂಪು ಟೋಪಿಯವನು ಮುಂದೆ ಬಾಗಿದ.

"ಸ್ವಲ್ಪ ಬೇಗ ಮುಗಿಸ್ತೀರಾ ಅಮ್ಮಾ? ಸಾರ್, ನಂದು ನನ್ನ ಮಗನ ಹೆಸರಿಗೆ. ಅವನೂ ನಿಮ್ಮ ಹಾಗೆ ಯಾರ ಹಂಗೂ ಇಲ್ಲದೆ ಬೆಳೀಲಿ ಅಂತ."

ವರ್ನನ್ ತಲೆ ಎತ್ತಿದ. "ಮಗನಿಗೆ ಅಕ್ಕ ಇದಾಳಾ?"

"ಇದಾಳಲ್ಲ. ಆಚೆ ಮಕ್ಕಳ ಕೋಣೇಲಿ ಅವನಿಗೆ ಪುಸ್ತಕ ಓದಿ ಹೇಳ್ತಾ ಕೂತಿದಾಳೆ."

ವರ್ನನ್ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಮೊದಲ ಪುಟ ತೆರೆದ.

"ಮೊದಲು ಅವಳ ಹೆಸರು ಹೇಳಿ."