ಹಿಂದೆ ಬಿದ್ದ ಟಿಪ್ಪಣಿ

ಝಿಬೆಕಳ ಫೋನಿನ ಆ್ಯಪಿನಲ್ಲಿ ಗಂಡ ಕುಬಾತನ ಟಿಪ್ಪಣಿ ಎರಡಾಗಿ ನಿಂತಿತ್ತು. ಒಂದರಲ್ಲಿ ‘ಕರಾಬೆಲ್ ಘಾಟಿಗೆ ಹೋಗುತ್ತಿದ್ದೇವೆ’ ಎಂದಿತ್ತು, ಇನ್ನೊಂದರಲ್ಲಿ ‘ಕೋಕ್‌ಕೋಲ್ ಕೆರೆಯ ದಾರಿ ಹಿಡಿಯುತ್ತೇವೆ’ ಎಂದು. ಎದುರಿನ ದಿಬ್ಬ ಹತ್ತಿದ ಮೇಲೆ ಆ ಎರಡು ದಾರಿಗಳೂ ಒಂದಕ್ಕೊಂದು ಬೆನ್ನು ತಿರುಗಿಸಿ ಹೋಗುತ್ತವೆ. ಬೆಳಿಗ್ಗೆ ಇಬ್ಬರು ಪ್ರವಾಸಿ ಅತಿಥಿಗಳನ್ನು ಕರೆದುಕೊಂಡು ಹೊರಟಿದ್ದ ಕುಬಾತನ ಕುದುರೆ ಈಗ ಒಂಟಿಯಾಗಿ ಬಿಡಾರಕ್ಕೆ ಮರಳಿತ್ತು. ಜೀನು ಅದರ ಹೊಟ್ಟೆಯಡಿಗೆ ಜಾರಿತ್ತು. ಅದು ಬಂದ ಹೆಜ್ಜೆಗಳನ್ನು ಹಿಮ ಆಗಲೇ ಮುಚ್ಚಿಹಾಕಿತ್ತು. ಕುಬಾತನ ಫೋನು ಎಷ್ಟು ಸಲ ಹಚ್ಚಿದರೂ ಸಿಗುತ್ತಿರಲಿಲ್ಲ.

ಕೆಳಗಿನ ಹಳ್ಳಿಯಿಂದ ಸಪರಣ್ಣ ಮೂವರನ್ನು ಕಟ್ಟಿಕೊಂಡು ಬಂದಿದ್ದ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವುದೇ ಅವನ ಕೆಲಸ. ಮೂವರಲ್ಲಿ ಒಬ್ಬ ಅವನ ಮಗ ಎರ್ಮೆಕ್. ಸಪರಣ್ಣ ಗುಡಾರದೊಳಗೆ ಬಂದವನೇ ಟೊಪ್ಪಿಯ ಹಿಮ ಕೊಡವಿದ.

“ಕತ್ತಲಾಗೋದ್ರೊಳಗೆ ಒಂದ್ ಕಡೆ ಮಾತ್ರ ಹೋಗಿ ಬರೋಕಾಗೋದು. ಯಾವ ಕಡೆ ಹೇಳು.”

“ಎರಡೂ ತೋರಿಸ್ತಿದೆ ಅಣ್ಣ.”

“ಎರಡೂ ಅಂದ್ರೆ? ಕಾಗದದಲ್ಲಿ ಬರೆದು ಕಲ್ಲಿನಡಿ ಇಟ್ಟು ಹೋಗ್ತಿದ್ರು ನಮ್ಮಪ್ಪ. ಆ ಆ್ಯಪು ಒಂದ್ ದಿನಾನೂ ಕೆಟ್ಟಿರ್ಲಿಲ್ಲ.”

ಝಿಬೆಕ್ ಆ್ಯಪನ್ನು ಮುಚ್ಚಿ ತೆರೆದಳು. ಫೋನನ್ನೇ ಆರಿಸಿ ಹಚ್ಚಿದಳು. ಹಳೆಯ ಬದಲಾವಣೆಗಳನ್ನು ನೋಡಲು ಹೋದರೆ, ಹಣ ಕಟ್ಟಿದವರಿಗೆ ಮಾತ್ರ ಎಂದಿತು. ಯಾವ ಬರಹ ಕುಬಾತನ ಫೋನಿನಿಂದ ಬಂತು, ಯಾವುದು ಬಿಡಾರದ ಟ್ಯಾಬಿನಿಂದ ಬಂತು ಎಂದು ಅದು ತೋರಿಸುತ್ತಲೇ ಇರಲಿಲ್ಲ. ತೋರಿಸಿದ್ದು ವೇಳೆಯೊಂದನ್ನೇ: ಕೆರೆಯದು ಹತ್ತಕ್ಕೆ ಐದು ನಿಮಿಷ ಇರುವಾಗ, ಘಾಟಿಯದು ಹತ್ತೂಕಾಲಿಗೆ.

“ಮತ್ತಿನ್ನೇನು? ಆಮೇಲೆ ಬರೆದಿದ್ದು ಘಾಟಿ. ಮನಸ್ಸು ಬದಲಾಯಿಸಿದಾನೆ.” ಸಪರಣ್ಣ ಹಗ್ಗವನ್ನು ಹೆಗಲಿಗೇರಿಸಿ ಬಾಗಿಲಿನ ಕಡೆ ತಿರುಗಿದ. “ನಡೀರೋ.”

ಹತ್ತಕ್ಕೆ ಐದು ನಿಮಿಷ. ಝಿಬೆಕ್ ಕಣ್ಣು ಮುಚ್ಚಿ ಬೆಳಗನ್ನು ನೆನೆದಳು. ಹೊರಡುವುದು ತಡವಾಯಿತೆಂದು ಅತಿಥಿಗಳು ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತ ಅವಳ ತಲೆ ತಿಂದಿದ್ದರು. ಕುಬಾತ್ ಆಗ...

“ಅಣ್ಣ, ನಿಲ್ಲಿ! ಅಷ್ಟೊತ್ತಿಗೆ ಅವ್ರು ಇಲ್ಲೇ ಇದ್ರು. ಕುದುರೆ ಕಾಲು ತೊಡೆ ಮೇಲಿಟ್ಕೊಂಡು ಲಾಳ ಹೊಡೀತಿದ್ರು. ಮೊಳೆ ಕೊಟ್ಟೋಳು ನಾನೇ. ಫೋನ್ ಮುಟ್ಟೋಕೆ ಕೈ ಎಲ್ಲಿತ್ತು?”

“ಹಂಗಾದ್ರೆ ದೆವ್ವ ಬರೀತಾ?”

“ದಿಬ್ಬದ ಮೇಲೆ ಗಡಿಯಾಚೆ ಕಝಾಕರ ಸಿಗ್ನಲ್ ಬಡಿಯುತ್ತಲ್ಲ. ಅದು ಸಿಕ್ಕಿದ ಕೂಡ್ಲೆ ಫೋನಿನ ಗಡಿಯಾರ ಒಂದ್ ಗಂಟೆ ಹಿಂದೆ ಹೋಗುತ್ತೆ. ಅಲ್ಲೀ ಟೈಮೇ ಬೇರೆ. ಈ ಮಂಕು ಆ್ಯಪು ಗಡಿಯಾರ ಹೇಳಿದ್ದನ್ನೇ ನಂಬುತ್ತೆ. ಘಾಟಿ ಅಂತ ಬರೆದದ್ದು ಹೊರಡೋವಾಗ, ಇಲ್ಲೇ, ಬಿಡಾರದ ಟ್ಯಾಬಿನಲ್ಲಿ. ಕೆರೆ ಅಂತ ಬರೆದದ್ದು ಆಮೇಲೆ, ಕವಲಿನ ಹತ್ರ ನಿಂತು, ಅವರ ಫೋನಲ್ಲಿ. ಹತ್ತಕ್ಕೆ ಐದು ಅಲ್ಲ, ಹನ್ನೊಂದಕ್ಕೆ ಐದು!”

ಸಪರಣ್ಣ ಅವಳ ಮುಖವನ್ನೇ ನೋಡಿದ. ಕೆರೆಯ ದಾರಿಯ ಮೇಲೆ ಹಿಮದ ಗೋಡೆಯೇ ನೇತಾಡುತ್ತಿರುತ್ತದೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ತಪ್ಪಾದ್ರೆ?”

“ತಪ್ಪಾದ್ರೆ ನನ್ನ ತಲೆ ಮೇಲಿರ್ಲಿ.”

“ನಿನ್ನ ತಲೆ ತಗೊಂಡು ನಾನೇನ್ ಮಾಡ್ಲಿ ತಾಯಿ?” ಎಂದವನು ಹೊರಗೆ ಹೋಗಿ, “ಕೆರೆ ಕಡೆ!” ಎಂದು ಕೂಗಿದ್ದು ಗಾಳಿಯಲ್ಲಿ ಅರ್ಧ ಕೇಳಿಸಿತು.

ಆಮೇಲೆ ಅವಳಿಗೆ ಮಾಡಲು ಏನೂ ಉಳಿಯಲಿಲ್ಲ. ಒಲೆಗೆ ಸಗಣಿ ಬೆರಣಿ ಒಟ್ಟಿದಳು, ಕುರಿಮಾಂಸದ ಸಾರು ಇಟ್ಟಳು. ಅದು ಕುದಿದು ಬತ್ತಿದಂತೆಲ್ಲ ನೀರು ಸುರಿದಳು. ಬೆಳಿಗ್ಗೆ ಲಾಳ ಹೊಡೆದದ್ದು ನಿಜಕ್ಕೂ ಹತ್ತರ ಹೊತ್ತಿಗೇ, ಒಂಬತ್ತಕ್ಕಲ್ಲವೇ? ಅತಿಥಿಗಳು ಕೈಗಡಿಯಾರ ನೋಡಿದ್ದನ್ನು ಅವಳು ನೋಡಿದ್ದಳು, ಗಡಿಯಾರವನ್ನು ನೋಡಿರಲಿಲ್ಲ.

ಬೆಳಕು ಬೂದಿಯಾಗುವ ಹೊತ್ತಿಗೆ ನಾಯಿಗಳು ಬೊಗಳಿದವು. ಅವಳು ಬರಿಗಾಲಲ್ಲೇ ಹೊರಗೋಡಿ ಕುದುರೆಗಳ ಮೇಲಿದ್ದ ತಲೆಗಳನ್ನು ಎಣಿಸಿದಳು. ಎಲ್ಲರೂ ಇದ್ದರು. ಕೆರೆಯ ಕೆಳಗಿನ ಬಂಡೆಯ ಸಂದಿನಲ್ಲಿ ಸಿಕ್ಕರಂತೆ. ಅತಿಥಿಯೊಬ್ಬನ ಕಾಲು ಮುರಿದಿತ್ತು, ಕುಬಾತನ ಬೆರಳುಗಳು ಕಪ್ಪಿಟ್ಟಿದ್ದವು. ಮರಳುವಾಗ ಹಿಮ ಕುಸಿದು ಎರ್ಮೆಕ್ ಎದೆಮಟ್ಟ ಹೂತುಹೋಗಿದ್ದ. ಅಪ್ಪನೇ ಕೈಯಿಂದ ಬಗೆದು ಎಳೆದಿದ್ದ.

ಒಲೆಯ ಸುತ್ತ ಕೂತು ಸಾರು ಕುಡಿಯುವಾಗ ಝಿಬೆಕಳ ಫೋನು ಸದ್ದು ಮಾಡಿತು. ಕುಬಾತನ ಫೋನಿಗೆ ಬಿಡಾರದ ಸಿಗ್ನಲ್ ಸಿಕ್ಕಿ, ಒಳಗೆ ಉಳಿದಿದ್ದ ಮೂರನೆಯ ಬರಹ ಈಗ ಬಂದಿತ್ತು.

‘ಕೆರೆಯ ಮೇಲಿನ ಹಿಮ ಕಳಚುತ್ತಿದೆ. ಸಪರಣ್ಣನಿಗೆ ಹೇಳು, ಹುಡುಕಲು ಯಾರೂ ಬರಕೂಡದು. ನಮಗಾಗಿ ಇನ್ನೊಬ್ಬರ ಮನೆ ಹಾಳಾಗುವುದು ಬೇಡ.’

ಅವಳು ಗಂಡನತ್ತ ನೋಡಿದಳು. ಅವನು ಬಟ್ಟಲಿನಿಂದ ತಲೆ ಎತ್ತಲಿಲ್ಲ. ಬಚ್ಚಿಡೋಣವೆಂದು ಒಂದು ಕ್ಷಣ ಅನಿಸಿತು. ಆದರೂ ಫೋನನ್ನು ಸಪರಣ್ಣನ ಕೈಗೆ ಕೊಟ್ಟಳು.

ಅವನು ನಿಧಾನವಾಗಿ ಓದಿದ. ಗೋಡೆಗೊರಗಿ ಬಾಯಿ ತೆರೆದು ನಿದ್ದೆಹೋಗಿದ್ದ ಮಗನನ್ನು ಬಹಳ ಹೊತ್ತು ನೋಡಿದ. ಫೋನನ್ನು ಹಿಂದಕ್ಕೆ ಕೊಟ್ಟು, ಮೆಲ್ಲಗೆ ಹೇಳಿದ:

“ಇದು ಹೊತ್ತಿಗೆ ಸರಿಯಾಗಿ ಬಂದಿದ್ರೆ, ನಾನು ಹೋಗ್ತಾನೇ ಇರ್ಲಿಲ್ಲ ತಾಯಿ.”